ಮಾಲೆ ತೆಗೆದ ಮರುದಿನ

ನವೆಂಬರ್ ನಡುವಿನಿಂದ ಡಿಸೆಂಬರ್ ಕೊನೆಯವರೆಗೆ ಕೋಲಾರ ಜಿಲ್ಲೆಯ ಯಾವ ಹಳ್ಳಿಗೆ ಹೋದರೂ ಕಪ್ಪು ಪಂಚೆಯುಟ್ಟ ನಾಲ್ಕಾರು ಜನ ಎದುರಾಗುತ್ತಾರೆ. ಅಯ್ಯಪ್ಪನ ಮಾಲೆ ಹಾಕಿದವರು. ಅವರಲ್ಲಿ ಒಬ್ಬಿಬ್ಬರಾದರೂ ಹಿಂದಿನ ತಿಂಗಳವರೆಗೆ ಹೊತ್ತು ಮುಳುಗಿದರೆ ನೆಟ್ಟಗೆ ನಿಲ್ಲಲಾಗದವರು. ಮಾಲೆ ಬಿದ್ದ ಮೇಲೆ 41 ದಿನ ತೊಟ್ಟು ಮುಟ್ಟುವುದಿಲ್ಲ. ಆಸ್ಪತ್ರೆ ಸೇರಿಲ್ಲ, ಮಾತ್ರೆ ನುಂಗಿಲ್ಲ, ಯಾರೂ ಕಟ್ಟಿಹಾಕಿಲ್ಲ. ಮಂಡಲ ಮುಗಿದು, ಇರುಮುಡಿ ಇಳಿಸಿ, ಮಾಲೆ ತೆಗೆದ ಮರುದಿನ ಅದೇ ಬಾರಿನ ಮುಂದೆ ಅದೇ ಗಿರಾಕಿ.

ಇದನ್ನು ಹೇಳಿಕೊಂಡು ನಗುವುದು ನಮ್ಮ ಕಡೆ ವಾಡಿಕೆ. ನಗುವ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ: ಆ 41 ದಿನ ಅವನಿಗೆ ಹೇಗೆ ಸಾಧ್ಯವಾಯಿತು? ಭಕ್ತಿ ಇದೆ, ಭಯವೂ ಇದೆ, ಒಪ್ಪೋಣ. ಆದರೆ ಸುತ್ತಲಿನವರು ಮಾಡಿದ್ದನ್ನೂ ನೋಡಿ. ನಿನ್ನೆಯವರೆಗೆ ‘ಕುಡುಕ’ ಆಗಿದ್ದವನನ್ನು ಹೆಂಡತಿ, ಮಕ್ಕಳು, ಊರವರೆಲ್ಲ ‘ಸ್ವಾಮಿ’ ಎಂದು ಕರೆಯತೊಡಗುತ್ತಾರೆ. ಜೊತೆಗಾರರು ಕುಡಿಯಲು ಕರೆಯುವುದಿಲ್ಲ, ಕೊಡುವವನೂ ಹಿಂದೆಮುಂದೆ ನೋಡುತ್ತಾನೆ. ಕೈ ಬಾಟಲಿ ಹುಡುಕುತ್ತಿದ್ದ ಸಂಜೆಯ ಹೊತ್ತಿಗೆ ಭಜನೆ ಇರುತ್ತದೆ. ತಾನೂ ಹತ್ತಾರು ವರ್ಷ ಮಲೆ ಹತ್ತಿಬಂದ ಗುರುಸ್ವಾಮಿ ಒಬ್ಬ ದಿನಾ ಕಣ್ಣಿಟ್ಟಿರುತ್ತಾನೆ. ತಪ್ಪಿದರೆ ಊರಿಗೇ ಗೊತ್ತಾಗುತ್ತದೆ, ತಪ್ಪದಿದ್ದರೂ ಗೊತ್ತಾಗುತ್ತದೆ.

1973ರಲ್ಲಿ ಅಮೆರಿಕದ ಜಾರ್ಜ್ ಹಂಟ್ ಮತ್ತು ನೇಥನ್ ಅಜ್ರಿನ್ ಎಂಬ ಮನಶ್ಶಾಸ್ತ್ರಜ್ಞರು ಇಲಿನಾಯ್ ರಾಜ್ಯದ ಆಸ್ಪತ್ರೆಯೊಂದರಲ್ಲಿ ಹೆಚ್ಚುಕಡಿಮೆ ಇದೇ ತತ್ವವನ್ನು ಪರೀಕ್ಷಿಸಿದರು. ಕುಡಿತಕ್ಕೆ ಸಿಕ್ಕಿಬಿದ್ದ ಎಂಟು ಜನರಿಗೆ ಕೆಲಸ ಹುಡುಕಿಕೊಟ್ಟರು, ಸಂಸಾರದ ಜಗಳ ಬಿಡಿಸಿದರು, ಹಳೆಯ ಹೆಂಡದಂಗಡಿಯೊಂದನ್ನೇ ಮದ್ಯವಿಲ್ಲದ ಕೂಟದ ಮನೆಯಾಗಿ ಮಾರ್ಪಡಿಸಿ ಸಂಜೆ ಅಲ್ಲಿ ಸೇರುವಂತೆ ಮಾಡಿದರು. ಇನ್ನೆಂಟು ಜನರಿಗೆ ಆಸ್ಪತ್ರೆಯ ಮಾಮೂಲಿ ಚಿಕಿತ್ಸೆ. ಬಿಡುಗಡೆಯಾದ ಮೇಲಿನ ತಿಂಗಳುಗಳಲ್ಲಿ ಮಾಮೂಲಿ ಗುಂಪಿನವರು ನೂರಕ್ಕೆ 79 ದಿನ ಕುಡಿದರೆ, ಮೊದಲ ಗುಂಪಿನವರು ಕುಡಿದದ್ದು 14 ದಿನ. ಹದಿನಾರು ಜನರ ಸಣ್ಣ ಪ್ರಯೋಗ ನಿಜ. ಆದರೆ ಕುಡಿತ ಬಿಡಿಸುವ ವಿಜ್ಞಾನ ಆಸ್ಪತ್ರೆಯ ಮಂಚ ಬಿಟ್ಟು ಬೀದಿಗೆ ಇಳಿದದ್ದು ಇಂಥ ಕೆಲಸಗಳಿಂದ.

ನಮ್ಮ ಮಾಲೆಗೂ ಆ ಪ್ರಯೋಗಕ್ಕೂ ಇರುವ ಅಂತರ ದೊಡ್ಡದೇನಲ್ಲ. ಮಾಲೆಗೆ 42ನೇ ದಿನ ಇಲ್ಲ, ಅಷ್ಟೇ.

ಆ 42ನೇ ದಿನದಿಂದ ಮುಂದಕ್ಕೆ ಏನು ಎಂಬ ಪ್ರಶ್ನೆಯನ್ನೇ ಬದುಕಿನ ಕೆಲಸವಾಗಿ ಹಿಡಿದ ಒಬ್ಬ ಹೆಣ್ಣುಮಗಳು ನಮ್ಮ ಪಕ್ಕದ ರಾಜ್ಯದಲ್ಲಿದ್ದಾರೆ. ಮದ್ರಾಸಿನ ಶಾಂತಿ ರಂಗನಾಥನ್. ಕೇಂದ್ರದ ಹಣಕಾಸು ಸಚಿವರಾಗಿದ್ದ ಟಿ.ಟಿ. ಕೃಷ್ಣಮಾಚಾರಿಯವರ ಮನೆತನದ ಸೊಸೆ. ಗಂಡ ರಂಗನಾಥನ್ ಕುಡಿತದಿಂದಲೇ ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡರು. ದುಡ್ಡಿಗೆ ಕೊರತೆಯಿಲ್ಲದ ಮನೆಗೂ ಅಂದಿನ ಮದ್ರಾಸಿನಲ್ಲಿ ಸರಿಯಾದ ಚಿಕಿತ್ಸೆಯ ಜಾಗ ಒಂದೂ ಸಿಕ್ಕಿರಲಿಲ್ಲ. 1980ರಲ್ಲಿ ಗಂಡನ ಹೆಸರಿನಲ್ಲೇ ಅವರು ಟಿ.ಟಿ. ರಂಗನಾಥನ್ ಕ್ಲಿನಿಕಲ್ ರಿಸರ್ಚ್ ಫೌಂಡೇಶನ್ ಕಟ್ಟಿದರು. ಅಮೆರಿಕದ ಚಿಕಿತ್ಸಾ ಕೇಂದ್ರಗಳಲ್ಲಿ ತರಬೇತಿ ಪಡೆದು ಬಂದರು. ವಿಧವೆ ಅಂದರೆ ಮೂಲೆ ಸೇರಬೇಕೆಂದು ಬಯಸುತ್ತಿದ್ದ ಸಮಾಜದಲ್ಲಿ, ಗಂಡ ಸತ್ತದ್ದು ಕುಡಿದು ಎಂದು ಬಹಿರಂಗವಾಗಿ ಹೇಳಿಕೊಂಡೇ ಆಸ್ಪತ್ರೆ ನಡೆಸಿದ್ದು ಸಣ್ಣ ಧೈರ್ಯವಲ್ಲ. 1992ರಲ್ಲಿ ಪದ್ಮಶ್ರೀ ಬಂತು, 1999ರಲ್ಲಿ ವಿಶ್ವಸಂಸ್ಥೆಯ ವಿಯೆನ್ನಾ ನಾಗರಿಕ ಸಮಾಜ ಪ್ರಶಸ್ತಿ.

ನನಗೆ ಪ್ರಶಸ್ತಿಗಳಿಗಿಂತ ದೊಡ್ಡದಾಗಿ ಕಾಣುವುದು 1989. ಆ ವರ್ಷ ಅವರ ತಂಡ ಕಾವೇರಿ ಮುಖಜಭೂಮಿಯ ಮಂಜಕ್ಕುಡಿ ಎಂಬ ಹಳ್ಳಿಗೆ ಹೋಯಿತು. ಆಸ್ಪತ್ರೆಗೆ ಬನ್ನಿ ಎಂದು ಕರೆದರೆ ಕೂಲಿಯವನು ಬರುವುದಿಲ್ಲ. ಬಂದರೂ ತಿಂಗಳು ಕೂಲಿ ಬಿಟ್ಟು ಇರಲಾರ. ಹಾಗಾಗಿ ಚಿಕಿತ್ಸೆಯನ್ನೇ ಹಳ್ಳಿಗೆ ಒಯ್ದರು. ಊರವರು ಕೊಟ್ಟ ಕಟ್ಟಡದಲ್ಲಿ ಹದಿನೈದು ದಿನದ ಶಿಬಿರ. ಅನ್ನದ ಹೊಣೆಯಲ್ಲಿ ಊರಿನ ಪಾಲು, ಔಷಧ ಮತ್ತು ಆಪ್ತಸಮಾಲೋಚನೆ ತಂಡದ್ದು. ಹೆಂಡತಿಯರಿಗೆ ಬೇರೆ ಕೂಟ. ಶಿಬಿರ ಮುಗಿದ ಮೇಲೆ ತಂಡ ಮತ್ತೆ ಮತ್ತೆ ಅದೇ ಊರಿಗೆ ಬರುತ್ತಿತ್ತು. ಅಮೆರಿಕದಲ್ಲಿ ಕಲಿತದ್ದು ಮದ್ರಾಸಿನ ಅಡ್ಯಾರಿನ ಅವರ ಆಸ್ಪತ್ರೆಯಲ್ಲಿ ಒಂದು ರೂಪ ಪಡೆಯಿತು, ಮಂಜಕ್ಕುಡಿಯ ಜಗಲಿಯಲ್ಲಿ ಇನ್ನೊಂದು. ನಮಗೆ ಬೇಕಾಗಿರುವುದು ಈ ಎರಡನೆಯದು.

ಹೊರದೇಶಕ್ಕೆ ಹೋಗಿ ಕಲಿತು ಬಂದವರ ಕಥೆ ಹೀಗೆ. ಹೊರದೇಶಕ್ಕೆ ಹೋಗಿ ಅಲ್ಲಿ ಕಲಿಸಿದವರ ಕಥೆಯೂ ಇದೆ, ಅದು ನಮ್ಮ ಓದುಗರಿಗೆ ಅಷ್ಟಾಗಿ ಪರಿಚಯವಿಲ್ಲ. ಅಂದಿನ ಯುಗೊಸ್ಲಾವಿಯಾದ ಝಾಗ್ರೆಬ್ ನಗರದ ಮನೋವೈದ್ಯ ವ್ಲಾದಿಮಿರ್ ಹುದೋಲಿನ್ 1964ರ ಏಪ್ರಿಲ್ 1ರಂದು ಕುಡಿತ ಬಿಟ್ಟವರ ಮೊದಲ ಕ್ಲಬ್ ತೆರೆದರು. ಕ್ಲಬ್ ಎಂದರೆ ಇಸ್ಪೀಟಿನದಲ್ಲ. ವಾರಕ್ಕೊಮ್ಮೆ ಕುಡಿತ ಬಿಟ್ಟವನು ಹೆಂಡತಿ ಮಕ್ಕಳೊಂದಿಗೆ ಬಂದು ಕೂರುವ ಜಾಗ. ಪಕ್ಕದ ಇಟಲಿಯ ಟ್ರಿಯೆಸ್ಟೆಯಲ್ಲಿ ಎಪ್ಪತ್ತರ ದಶಕದಲ್ಲಿ ಹುಚ್ಚಾಸ್ಪತ್ರೆಗಳ ಗೋಡೆ ಒಡೆಯುವ ಚಳವಳಿ ನಡೆದಿತ್ತು. 1978ರಲ್ಲಿ ಅದಕ್ಕೆ ಕಾನೂನೇ ಬಂತು. ಮರುವರ್ಷ, 1979ರಲ್ಲಿ, ಹುದೋಲಿನ್ ಅವರ ಮೊದಲ ಇಟಾಲಿಯನ್ ಕ್ಲಬ್ ಅಲ್ಲೇ ಶುರುವಾಯಿತು. ಅಲ್ಲಿಂದ ಅದು ಇಟಲಿಯ ತುಂಬ ಸಾವಿರಾರು ಕ್ಲಬ್ಬುಗಳಾಗಿ ಹಬ್ಬಿತು. ನಿಯಮಗಳು ಸರಳ: ಒಂದು ಕ್ಲಬ್ಬಿನಲ್ಲಿ ಹೆಚ್ಚೆಂದರೆ ಹನ್ನೆರಡು ಕುಟುಂಬ. ಹದಿಮೂರನೆಯದು ಬಂದರೆ ಕ್ಲಬ್ ಎರಡಾಗಬೇಕು. ನಡೆಸುವವನು ವೈದ್ಯನೇ ಆಗಬೇಕಿಲ್ಲ, ಒಂದು ವಾರದ ತರಬೇತಿ ಪಡೆದ ಊರಿನ ಯಾರಾದರೂ ಆದೀತು. ಹುದೋಲಿನ್ ಗಡಿ ದಾಟಿಸಿದ್ದು ಕಟ್ಟಡವನ್ನೂ ಅಲ್ಲ, ಔಷಧವನ್ನೂ ಅಲ್ಲ. ವಾರಕ್ಕೊಮ್ಮೆ ಸೇರುವ ಒಂದು ಕಟ್ಟುಪಾಡನ್ನು.

ಇಲ್ಲಿ ಒಂದು ಸೂಕ್ಷ್ಮ ಇದೆ. ಜಗತ್ತಿನಲ್ಲಿ ಅತಿ ಹೆಚ್ಚು ಹಬ್ಬಿರುವ ಸ್ವಸಹಾಯ ಕೂಟ ಆಲ್ಕೊಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದ ಆಕ್ರಾನ್ ಊರಿನಲ್ಲಿ ಇಬ್ಬರು ಕುಡುಕರು, ಒಬ್ಬ ಷೇರು ವ್ಯಾಪಾರದವನು, ಇನ್ನೊಬ್ಬ ಡಾಕ್ಟರು, ಪರಸ್ಪರ ಮಾತಾಡಿಕೊಂಡು ಶುರುಮಾಡಿದ್ದು. 1957ರ ಹೊತ್ತಿಗೆ ಭಾರತಕ್ಕೂ ಬಂತು, ಬೆಂಗಳೂರಿನಲ್ಲಿ ಅದರ ಕೂಟಗಳು ಇವತ್ತೂ ನಡೆಯುತ್ತವೆ. ಅದರ ಜೀವಾಳ ಅನಾಮಧೇಯತೆ: ಊರಿಗೆ ಗೊತ್ತಾಗದಂತೆ ಬಂದು ಕೂತು ಮನಸ್ಸು ಬಿಚ್ಚಬಹುದು. ಇದು ಕೆಲಸ ಮಾಡುತ್ತದೆ, ಅದಕ್ಕೆ ಪುರಾವೆಯೂ ಗಟ್ಟಿಯಾಗಿದೆ. ಆದರೆ ಶ್ರೀನಿವಾಸಪುರ ತಾಲ್ಲೂಕಿನ ಇನ್ನೂರು ಮನೆಯ ಹಳ್ಳಿಯಲ್ಲಿ ಅನಾಮಧೇಯ ಎಂಬ ಮನುಷ್ಯನೇ ಇಲ್ಲ. ಯಾರು ಎಷ್ಟು ಹೊತ್ತಿಗೆ ಎಲ್ಲಿ ಕುಡಿದ, ಯಾವ ಚರಂಡಿ ಪಕ್ಕ ಬಿದ್ದಿದ್ದ, ಹೆಂಡತಿಯ ಯಾವ ಓಲೆ ಯಾವ ಗಿರವಿ ಅಂಗಡಿ ಸೇರಿತು, ಎಲ್ಲ ಎಲ್ಲರಿಗೂ ಗೊತ್ತು. ನಗರದ ಕುಡುಕನಿಗೆ ಒಂಟಿತನ ಶತ್ರುವಾದರೆ ಹಳ್ಳಿಯವನಿಗೆ ಈ ‘ಎಲ್ಲರಿಗೂ ಗೊತ್ತು’ ಎಂಬುದೇ ಶತ್ರು. ಒಮ್ಮೆ ಹಣೆಪಟ್ಟಿ ಬಿತ್ತೆಂದರೆ ಅವನು ಬಿಟ್ಟರೂ ಊರು ಬಿಡುವುದಿಲ್ಲ. “ನೋಡೋಣ ಬಿಡು, ಎಷ್ಟು ದಿನ” ಎನ್ನುತ್ತದೆ.

ಹಾಗಾದರೆ ನಮ್ಮ ಊರುಗಳಿಗೆ ಬೇಕಾದ ಕಾರ್ಯಕ್ರಮ ಯಾವುದು? ಗುಟ್ಟು ಕಾಯುವುದು ಅಲ್ಲಿ ಆಗದ ಮಾತು. ಆ ಗೊತ್ತಿರುವಿಕೆಯನ್ನೇ ಹಂಗಿಸುವ ಕೆಲಸದಿಂದ ಬಿಡಿಸಿ ಕಾಯುವ ಕೆಲಸಕ್ಕೆ ಹಚ್ಚಬೇಕು. ಮಾಲೆ 41 ದಿನ ಮಾಡುವುದು ಅದನ್ನೇ. ಹುದೋಲಿನ್ ಕುಟುಂಬ ಸಮೇತ ಕೂರಿಸಿದ್ದೂ ಅದಕ್ಕೇ.

ಕನ್ನಡ ನಾಡಿನಲ್ಲಿ ಈ ತತ್ವದ ಮೇಲೆ ಅತಿ ದೊಡ್ಡ ಪ್ರಮಾಣದಲ್ಲಿ ನಡೆದಿರುವುದು ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ. ತೊಂಬತ್ತರ ದಶಕದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಹುಟ್ಟಿದ್ದು, ಡಾ. ವೀರೇಂದ್ರ ಹೆಗ್ಗಡೆಯವರ ಗ್ರಾಮಾಭಿವೃದ್ಧಿ ಯೋಜನೆಯ ಬೆನ್ನ ಮೇಲೆ ಇಡೀ ರಾಜ್ಯಕ್ಕೆ ಹಬ್ಬಿ ಸಾವಿರಕ್ಕೂ ಹೆಚ್ಚು ಶಿಬಿರಗಳಾಗಿವೆ. ನಮ್ಮ ಜಿಲ್ಲೆಯಲ್ಲೂ ನಡೆದಿವೆ. ಎಂಟು ದಿನ, ಊರಿನ ಕಲ್ಯಾಣಮಂಟಪವೋ ಸಮುದಾಯ ಭವನವೋ. ಊರವರದ್ದೇ ವ್ಯವಸ್ಥಾಪನಾ ಸಮಿತಿ, ಊರವರದ್ದೇ ಅಕ್ಕಿ ತೆಂಗಿನಕಾಯಿ. ಬೆಳಿಗ್ಗೆ ಯೋಗ, ಹಗಲು ಪಾಠ, ಸಂಜೆ ಭಜನೆ. ಒಂದು ದಿನ ಮನೆಯವರು ಬಂದು ಎದುರು ಕೂರುತ್ತಾರೆ, ಆ ದಿನ ಅಳದವರು ಕಡಿಮೆ. ಮುಗಿದ ಮೇಲೆ ಬಿಟ್ಟವರದ್ದೇ ನವಜೀವನ ಸಮಿತಿ. ನೂರು ದಿನ ತುಂಬಿದರೆ ಶತದಿನೋತ್ಸವ. ಗಾಂಧಿ ಜಯಂತಿಗೆ ಸಮಾವೇಶ, ವೇದಿಕೆಯ ಮೇಲೆ ಶಾಲು. ನಗರದ ಓದಿದವರಿಗೆ ಈ ಶಾಲು, ಭಜನೆ ನಗೆ ಬರಿಸಬಹುದು. ಇಪ್ಪತ್ತು ವರ್ಷ ಊರೆಲ್ಲ ಉಗಿದವನಿಗೆ ಅದೇ ಊರು ಶಾಲು ಹೊದಿಸುವುದರ ಬೆಲೆ ಅವನಿಗೆ ಗೊತ್ತು.

ಆದರೂ ಎರಡು ಮಾತು ಖಂಡಿತವಾಗಿ ಹೇಳಬೇಕು. ಒಂದು, ಶಿಬಿರಗಳ ಯಶಸ್ಸನ್ನು ಕೊನೆಯ ದಿನದ ತಲೆಯೆಣಿಕೆಯಿಂದ ಅಳೆಯಬಾರದು. ಒಂದು ವರ್ಷದ ಮೇಲೆ ಹೋಗಿ ಎಣಿಸಬೇಕು, ಅದನ್ನೂ ಹೊರಗಿನವರು ಎಣಿಸಬೇಕು. ಎರಡನೆಯದು ಪ್ರಾಣದ ವಿಷಯ.

ಬೆಳಗಿನಿಂದ ರಾತ್ರಿವರೆಗೆ ವರ್ಷಗಟ್ಟಲೆ ಕುಡಿದ ದೇಹ ಒಮ್ಮೆಲೇ ನಿಲ್ಲಿಸಿದರೆ ಸುಮ್ಮನಿರುವುದಿಲ್ಲ. ಮದ್ಯ ಮಿದುಳನ್ನು ಮಂಕು ಮಾಡುತ್ತದೆ. ಆ ಮಂಕಿಗೆ ಎದುರಾಗಿ ಮಿದುಳು ತನ್ನ ವೇಗವನ್ನು ಏರಿಸಿಕೊಂಡಿರುತ್ತದೆ. ಮದ್ಯ ತಟ್ಟನೆ ನಿಂತರೆ ಆ ಏರಿದ ವೇಗ ಮಾತ್ರ ಉಳಿಯುತ್ತದೆ. ಆರೆಂಟು ಗಂಟೆಗೆ ಕೈನಡುಕ, ಬೆವರು, ವಾಂತಿ. ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್. ಮೂರನೇ ದಿನದ ಹೊತ್ತಿಗೆ ಕೆಲವರಿಗೆ ಸನ್ನಿ: ಗೋಡೆಯ ಮೇಲೆ ಹುಳ ಹರಿದಂತೆ, ಸತ್ತ ಅಪ್ಪ ಬಾಗಿಲಲ್ಲಿ ನಿಂತಂತೆ, ರಾತ್ರಿಯೆಲ್ಲ ಎದ್ದೆದ್ದು ಓಡುವುದು. ನಮ್ಮ ಹಳ್ಳಿಗಳಲ್ಲಿ ಇದನ್ನು ಗಾಳಿ ಸೋಕಿತು ಎಂದು ಯಂತ್ರ ಕಟ್ಟಿಸಲು ಕರೆದೊಯ್ಯುವವರು ಇನ್ನೂ ಇದ್ದಾರೆ. ಚಿಕಿತ್ಸೆ ಇಲ್ಲದಿದ್ದರೆ ಇದರಲ್ಲಿ ಜೀವ ಹೋಗಬಹುದು. ಚಿಕಿತ್ಸೆಯೋ ದುಬಾರಿಯದ್ದಲ್ಲ. ನಡುಕ ಇಳಿಸುವ ಮಾತ್ರೆಯನ್ನು ಕೆಲವು ದಿನ ಕೊಟ್ಟು ನಿಧಾನವಾಗಿ ಕಡಿಮೆ ಮಾಡುವುದು, ಜೊತೆಗೆ ಥಯಾಮಿನ್, ಅಂದರೆ ಬಿ-1 ಜೀವಸತ್ವ. ಊಟ ಬಿಟ್ಟು ಕುಡಿದವನಿಗೆ ಥಯಾಮಿನ್ ಕೊಡದೆ ಗ್ಲುಕೋಸ್ ಮಾತ್ರ ಏರಿಸಿದರೆ ಮಿದುಳಿಗೆ ಹಾನಿಯಾಗುವ ಅಪಾಯವಿದೆ, ನೆನಪಿನ ಶಕ್ತಿಯೇ ಶಾಶ್ವತವಾಗಿ ಹೋಗಬಹುದು. ಆದ್ದರಿಂದ ಮಾಲೆಯಾಗಲಿ, ಆಣೆಯಾಗಲಿ, ಶಿಬಿರವಾಗಲಿ, ಬೆಳಿಗ್ಗೆ ಎದ್ದೊಡನೆ ಕೈನಡುಕಕ್ಕೇ ಕುಡಿಯುವವನು ಮೊದಲು ಡಾಕ್ಟರ ಮುಂದೆ ಕೂರಬೇಕು.

ಇದರ ಜೊತೆಗೇ ‘ಪುಡಿ’ಯ ಮಾತು. ಗಂಡನಿಗೆ ಗೊತ್ತಾಗದಂತೆ ಸಾರಿನಲ್ಲೋ ಕಾಫಿಯಲ್ಲೋ ಬೆರೆಸಿ ಎಂದು ಪುಡಿ ಮಾರುವವರು ಸಂತೆ ಸಂತೆಯಲ್ಲೂ ಸಿಗುತ್ತಾರೆ. ಅಂಥದ್ದರಲ್ಲಿ ಡೈಸಲ್ಫಿರಾಂ ಇದ್ದರೆ ಕಥೆ ಗಂಭೀರ. ಅದು ಒಳ್ಳೆಯ ಔಷಧವೇ, ಆದರೆ ತಿಳಿದು, ಒಪ್ಪಿ ನುಂಗುವವನಿಗೆ. ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ಗೊತ್ತಿಲ್ಲದೆ ತಿಂದು ಎಂದಿನಂತೆ ಕುಡಿದವನು ಸಾಯಲೂಬಹುದು. ಹತಾಶಳಾದ ಹೆಂಡತಿಯನ್ನು ನಾನು ದೂರುವುದಿಲ್ಲ. ಮಾರುವವನಿಗೆ ಕ್ಷಮೆಯಿಲ್ಲ.

ರಾತ್ರೋರಾತ್ರಿ ವ್ಯಾನಿನಲ್ಲಿ ಬಂದು ಗಂಡಸನ್ನು ಎತ್ತಿಕೊಂಡು ಹೋಗಿ ಬಾಗಿಲು ಹಾಕಿ ಇಡುವ ಖಾಸಗಿ ‘ರಿಹ್ಯಾಬ್’ಗಳದ್ದು ಇನ್ನೊಂದು ಕಥೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮದ್ಯ, ಮಾದಕ ವಸ್ತುಗಳಿಂದ ಉಂಟಾದ ಸ್ಥಿತಿಯೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೇ ಬರುತ್ತದೆ. ಇಂಥ ಕೇಂದ್ರ ನೋಂದಣಿಯಾಗಿರಬೇಕು, ಒಳಗಿರುವವನಿಗೆ ಹಕ್ಕುಗಳಿವೆ. ಹಣ ಕಟ್ಟುವ ಮುಂಚೆ ನೋಂದಣಿ ಪತ್ರ ತೋರಿಸಿ ಎನ್ನಿ. ತೋರಿಸದ ಬಾಗಿಲಿಗೆ ಹೋಗಬೇಡಿ.

ಇಷ್ಟಕ್ಕೂ ನಮ್ಮ ಜಿಲ್ಲೆಯ ಕುಡಿತದ ಲೆಕ್ಕ ತೆಗೆಯಲು ಯಾರೂ ಬಂದಿಲ್ಲವೇ? ಬಂದಿದ್ದಾರೆ. ನಿಮ್ಹಾನ್ಸ್ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಮುನ್ನ, ಅದರ ವಿಧಾನವನ್ನು ಪರೀಕ್ಷಿಸಲು ಪ್ರಾಯೋಗಿಕ ಅಧ್ಯಯನ ಮಾಡಿದ್ದು ಕೋಲಾರ ಜಿಲ್ಲೆಯಲ್ಲೇ. ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿದ್ದರು. ಮುಂದೆ ನಡೆದ ದೊಡ್ಡ ಸಮೀಕ್ಷೆ ಹೇಳಿದ್ದು: ಮದ್ಯದ ಸಮಸ್ಯೆಯಿರುವ ನೂರರಲ್ಲಿ 86 ಜನಕ್ಕೆ ಚಿಕಿತ್ಸೆ ಸಿಕ್ಕೇ ಇಲ್ಲ. ದೆಹಲಿಯ ಏಮ್ಸ್ ನಡೆಸಿ, 2019ರಲ್ಲಿ ವರದಿ ಹೊರಬಂದ ಸಮೀಕ್ಷೆ ಇನ್ನೂ ಕಟುವಾಗಿತ್ತು. ಮದ್ಯ ಅವಲಂಬನೆಗೆ ಬಿದ್ದ 38 ಜನರಲ್ಲಿ ಒಬ್ಬರಿಗೆ ಯಾವುದಾದರೂ ಚಿಕಿತ್ಸೆ, 180ರಲ್ಲಿ ಒಬ್ಬರಿಗೆ ಆಸ್ಪತ್ರೆಯ ಮಂಚ. ಎಲ್ಲರನ್ನೂ ಮಂಚಕ್ಕೆ ತರುತ್ತೇವೆ ಎಂಬ ಯೋಜನೆ ಲೆಕ್ಕದಲ್ಲೇ ಬಿದ್ದುಹೋಗುತ್ತದೆ.

ಲಭ್ಯತೆಯ ಕಡೆ ನೋಡಿದರೆ ನಾವು ಗಡಿಯವರು. ಮುಳಬಾಗಿಲಿನಿಂದ ನಂಗಲಿ ದಾಟಿದರೆ ಆಂಧ್ರ, ಮಾಲೂರಿನ ಕೆಳಗೆ ತಮಿಳುನಾಡು. ಮೂರು ರಾಜ್ಯ, ಮೂರು ಅಬಕಾರಿ ನೀತಿ. ಒಂದು ಕಡೆ ಬೆಲೆ ಏರಿದರೆ ಇನ್ನೊಂದು ಕಡೆಯ ಪ್ಯಾಕೆಟ್ ಗಡಿ ದಾಟುತ್ತದೆ. 2019ರ ನಂತರ ಆಂಧ್ರ ಬೆಲೆ ಏರಿಸಿದಾಗ ನಮ್ಮ ಟೆಟ್ರಾ ಪ್ಯಾಕೆಟ್ಟುಗಳು ಆ ಕಡೆ ಹೋದವು. 2024ರ ಅಕ್ಟೋಬರಿನಲ್ಲಿ ಅವರೇ 99 ರೂಪಾಯಿಗೆ ಕ್ವಾರ್ಟರ್ ಕೊಡುವ ನೀತಿ ತಂದರು. ನಮ್ಮಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಕೃಷ್ಣಗಿರಿ ಸೀಮೆಯಲ್ಲಿ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಸಾರಾಯಿ ಹೋದ ಜಾಗಕ್ಕೆ ಅಗ್ಗದ ಪ್ಯಾಕೆಟ್ಟು ಬಂತು, ಹಳ್ಳಿಯ ಚಿಲ್ಲರೆ ಅಂಗಡಿಯ ಬೀಡಿಕಟ್ಟಿನ ಹಿಂದೆ ಅದಕ್ಕೊಂದು ಜಾಗವೂ ಸಿಕ್ಕಿತು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಬಂದ ಸಾವಿರಾರು ಹೆಣ್ಣುಮಕ್ಕಳು ಕೇಳಿದ್ದು ಮದ್ಯ ನಿಷೇಧ. ಸರ್ಕಾರ 2025-26ಕ್ಕೆ ಇಟ್ಟುಕೊಂಡ ಅಬಕಾರಿ ಗುರಿ 40,000 ಕೋಟಿ ರೂಪಾಯಿ. ಮದ್ಯಪಾನ ಸಂಯಮ ಮಂಡಳಿ ಎಂಬುದೊಂದನ್ನೂ ಅದೇ ಸರ್ಕಾರ ಸಾಕುತ್ತಿದೆ. ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್, ಡಾ. ವಿವೇಕ್ ಬೆನಗಲ್ ಮೊದಲಾದವರು 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಮಾಡಿದ ಬೆಂಗಳೂರು ಅಧ್ಯಯನದ ಅಂದಾಜಿನಲ್ಲಿ, ಕುಡಿತದಿಂದಾಗುವ ನಷ್ಟ ಮದ್ಯದಿಂದ ಬರುವ ಆದಾಯವನ್ನೇ ಮೀರಿತ್ತು. ಆ ಪುಸ್ತಕ ವಿಧಾನಸೌಧದಲ್ಲಿ ಯಾರಾದರೂ ತೆರೆದಿದ್ದಾರೋ ಇಲ್ಲವೋ!

ಒಂದು ಎಚ್ಚರ. ಕುಡಿತವೆಂದರೆ ಕಾಲೋನಿಯ ಸಮಸ್ಯೆ, ಕೂಲಿಯವರ ಚಟ ಎಂಬ ಮಾತು ನಮ್ಮ ಕಡೆ ಸರಾಗವಾಗಿ ಹೊರಡುತ್ತದೆ. ಇಟ್ಟಿಗೆ ಗೂಡಿನವನು ಬೀದಿಯಲ್ಲಿ ಬಿದ್ದರೆ ಕುಡುಕ. ಕಂಟ್ರಾಕ್ಟರು ತೋಟದ ಮನೆಯಲ್ಲಿ ಬಿದ್ದರೆ ಪಾರ್ಟಿ. ಯಕೃತ್ತಿಗೆ ಈ ಭೇದ ತಿಳಿಯದು. ದಲಿತ ಸಂಘರ್ಷ ಸಮಿತಿ ಹಿಂದೆ ಹೆಂಡ ಬೇಡ, ವಸತಿಶಾಲೆ ಬೇಕು ಎಂದು ಕೂಗಿದ್ದರಲ್ಲಿ ಈ ನಾಡಿನ ಅತ್ಯಂತ ಖಚಿತವಾದ ಮದ್ಯನೀತಿ ಇತ್ತು. ಒಂದನ್ನು ಕಿತ್ತುಕೊಳ್ಳುವಾಗ ಆ ಜಾಗಕ್ಕೆ ಇನ್ನೊಂದನ್ನು ಕೊಡಬೇಕು ಎಂಬ ತಿಳಿವಳಿಕೆ ಅದು. ಹಂಟ್ ಮತ್ತು ಅಜ್ರಿನ್ ಹೇಳಿದ್ದೂ ಬೇರೇನಲ್ಲ.

ಈಗ ಯಾರಾದರೊಬ್ಬ ಚಿಕಿತ್ಸಕಿ ಬೆಂಗಳೂರಿನಿಂದಲೋ ಬರ್ಮಿಂಗ್‌ಹ್ಯಾಮಿನಿಂದಲೋ ನಮ್ಮ ಜಿಲ್ಲೆಗೆ ಬಂದು ಕಾರ್ಯಕ್ರಮ ನಡೆಸುತ್ತೇನೆ ಎಂದರೆ ಆಕೆ ಏನೇನು ಕಲಿಯಬೇಕಾಗುತ್ತದೆ ಎಂದು ಯೋಚಿಸಿ ನೋಡಿದೆ. ಪದವಿಯ ಪಾಠ ಆಕೆಗೆ ಬಂದೇ ಇರುತ್ತದೆ. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ಅಳು ತೆಲುಗಿನಲ್ಲಿ ಬರುತ್ತದೆ, ಹಾಗಾಗಿ ತೆಲುಗು ಬೇಕು. ಮಾಲೂರಿನ ದಕ್ಷಿಣಕ್ಕೆ ಒಂದಿಷ್ಟು ತಮಿಳು. ಅದಕ್ಕಿಂತ ಮುಖ್ಯವಾಗಿ ಆಕೆ ನಮ್ಮ ಪಂಚಾಂಗ ಓದಲು ಕಲಿಯಬೇಕು. ಬಿಟ್ಟವನು ಮತ್ತೆ ಜಾರುವ ದಿನಗಳು ಇಲ್ಲಿ ಮೊದಲೇ ಗುರುತಾಗಿವೆ. ಯುಗಾದಿಯ ಮರುದಿನ ಹೊಸತೊಡಕು, ಆ ದಿನ ಬಾಡು ಮತ್ತು ಬಾಟಲಿ ಜೊತೆಜೊತೆ. ಮಹಾಲಯ ಅಮಾವಾಸ್ಯೆಗೆ ಹಿರಿಯರ ಎಡೆಯಲ್ಲಿ ಬೀಡಿಯ ಪಕ್ಕ ಕ್ವಾರ್ಟರ್ ಇಡುವ ಮನೆಗಳಿವೆ. ಎಡೆ ಎತ್ತಿದ ಮೇಲೆ ಅದನ್ನು ಯಾರು ಕುಡಿಯುತ್ತಾರೆ? ಸಾವಿನ ಮನೆಯಲ್ಲಿ ಗುಂಡಿ ತೆಗೆಯುವವರಿಗೆ, ತಮಟೆಯವರಿಗೆ ಕುಡಿಸುವುದು ಮರ್ಯಾದೆ ಎಂದೇ ನಡೆದಿದೆ. ಶ್ರೀನಿವಾಸಪುರದಲ್ಲಿ ಮೇನಿಂದ ಜುಲೈವರೆಗೆ ಮಾವಿನ ಮಂಡಿಯ ದುಡ್ಡು, ಕೋಲಾರದಲ್ಲಿ ಟೊಮೆಟೊಗೆ ಬೆಲೆ ಬಂದ ವಾರ, ನರಸಾಪುರ ಮಾಲೂರಿನ ಕಾರ್ಖಾನೆಗಳಲ್ಲಿ ಸಂಬಳದ ದಿನ, ಮತ್ತೆ ಐದು ವರ್ಷಕ್ಕೊಮ್ಮೆಯಂತೆ ಪಂಚಾಯಿತಿಯಿಂದ ಪಾರ್ಲಿಮೆಂಟಿನವರೆಗೆ ಬರುವ ಚುನಾವಣೆಗಳು. ಈ ಪಟ್ಟಿ ಯಾವ ದೇಶದ ಪಠ್ಯಪುಸ್ತಕದಲ್ಲೂ ಇಲ್ಲ. ಹೊಸತೊಡಕಿನ ಹಿಂದಿನ ಸಂಜೆ ಕೂಟ ಸೇರಿಸುವ ಕಾರ್ಯಕ್ರಮಕ್ಕೆ ಇಲ್ಲಿ ಆಯುಸ್ಸಿದೆ. ತಿಂಗಳಿಗೊಮ್ಮೆ ಮೂರನೇ ಗುರುವಾರ ಎಂದು ಬೋರ್ಡು ಹಾಕುವುದಕ್ಕೆ ಇಲ್ಲ.

ಹತ್ತಿರ ಹೋಗುವುದರಿಂದ ಫಲ ಉಂಟೇ ಎಂಬುದನ್ನು ನಿಮ್ಹಾನ್ಸ್ ಪರೀಕ್ಷಿಸಿ ನೋಡಿದೆ. ಡಾ. ಪ್ರತಿಮಾ ಮೂರ್ತಿ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಸ್ಪತ್ರೆಯಿಂದ ಬಿಡುಗಡೆಯಾದ ಬಡ ರೋಗಿಗಳ ಒಂದು ಗುಂಪಿಗೆ ಅವರಿದ್ದ ಕೊಳೆಗೇರಿಯಲ್ಲೇ ವಾರವಾರ ಕ್ಲಿನಿಕ್ ನಡೆಸಿದರು, ಬಾರದವರ ಮನೆಗೆ ಹೋದರು. ಇನ್ನೊಂದು ಗುಂಪಿಗೆ, ಎಂದಿನಂತೆ, ಆಸ್ಪತ್ರೆಗೆ ಬಂದು ತೋರಿಸಿ ಎಂದರು. ಹತ್ತಿರ ಹೋದ ಗುಂಪಿನವರು ಹೆಚ್ಚು ದಿನ ಕುಡಿಯದೆ ಉಳಿದರು. ಗೋವಾದಲ್ಲಿ ಸಂಗಾತ್ ಸಂಸ್ಥೆಯ ಡಾ. ಅಭಿಜಿತ್ ನಾಡಕರ್ಣಿ, ಡಾ. ವಿಕ್ರಮ್ ಪಟೇಲ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮನೋವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಜನರೇ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಾಲ್ಕು ಸಲದವರೆಗೆ ಕೂತು ಮಾತಾಡಿದರು. ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 2017ರಲ್ಲಿ ಬಂದ ಆ ವರದಿಯಲ್ಲಿ 377 ಗಂಡಸರಿದ್ದರು. ಮೂರು ತಿಂಗಳ ಮೇಲೆ ಹಾನಿಕರ ಕುಡಿತದಿಂದ ಹೊರಬಂದವರು ಮಾಮೂಲಿ ಆರೈಕೆಯಲ್ಲಿ ನೂರಕ್ಕೆ 26, ಮಾತಾಡಿಸಿಕೊಂಡವರಲ್ಲಿ 36. ಪವಾಡವೇನಲ್ಲ, ನೂರಕ್ಕೆ ಹತ್ತು ಮನೆ. ನಾಲ್ಕು ಸಲ ಕೂತು ಮಾತಾಡಿದ್ದಕ್ಕೆ ಹತ್ತು ಮನೆ ಉಳಿಯುವುದಾದರೆ ನಮ್ಮ ಆಶಾ ಕಾರ್ಯಕರ್ತೆಯರಿಗೆ, ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳಿಗೆ, ಬಿಟ್ಟು ಐದು ವರ್ಷವಾದ ಗಂಡಸರಿಗೆ ಆ ವಿದ್ಯೆ ಕಲಿಸದೆ ಇರುವುದಕ್ಕೆ ಕಾರಣ ಬೇಕು. ಆಶಾಗಳ ತಲೆಗೆ ಸಂಬಳವಿಲ್ಲದೆ ಇನ್ನೊಂದು ಹೊರೆ ಹೊರಿಸುವ ಮಾತಲ್ಲ ಇದು. ಅವರಿಗೆ ಇದಕ್ಕಾಗಿ ದುಡ್ಡು ಕೊಡಬೇಕು. 40,000 ಕೋಟಿಯಲ್ಲಿ ಅಷ್ಟು ಚಿಲ್ಲರೆ ಹುಟ್ಟದೇ?

ಕಾಯಿಲೆಯನ್ನು ಊರಿನ ಮಧ್ಯೆಯೇ ನೋಡಬೇಕು ಎಂಬ ವಿದ್ಯೆ ಕರ್ನಾಟಕಕ್ಕೆ ಹೊಸದಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಎಪ್ಪತ್ತರ ದಶಕದಲ್ಲಿ ನಿಮ್ಹಾನ್ಸ್ ಆನೇಕಲ್ ಬಳಿಯ ಸಕಲವಾರದಲ್ಲಿ ಸಮುದಾಯ ಮಾನಸಿಕ ಆರೋಗ್ಯ ಕೇಂದ್ರ ತೆರೆಯಿತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ನರ್ಸುಗಳಿಗೇ ಮಾನಸಿಕ ಕಾಯಿಲೆ ನೋಡಲು ಕಲಿಸಿದರು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಆ ತಲೆಮಾರಿನ ಡಾ. ಮೋಹನ್ ಐಸಾಕ್ ಮುಂದೆ ಆಸ್ಟ್ರೇಲಿಯಾದ ಪರ್ತ್‌ಗೆ ಹೋದರು. ಡಾ. ಸಿ.ಆರ್. ಚಂದ್ರಶೇಖರ್ ಇಲ್ಲೇ ಉಳಿದು ಕನ್ನಡದಲ್ಲಿ ಬರೆದೂ ಬರೆದೂ ಮನೋವೈದ್ಯವನ್ನು ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಗೆ ತಂದರು. ಹೋದದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ವಿದ್ಯೆ ಎರಡೂ ದಿಕ್ಕಿಗೆ ಹರಿಯುತ್ತದೆ. ಸಕಲವಾರ, ಬಳ್ಳಾರಿಯ ವಿದ್ಯೆ ನಮ್ಮ ತಾಲ್ಲೂಕುಗಳಿಗೆ ಅರ್ಧ ಮಾತ್ರ ತಲುಪಿದೆ ಎಂಬುದು ನನ್ನ ತಕರಾರು.

ತಲುಪಿದ ಅರ್ಧ ಯಾವುದೆಂದರೆ ಮಂಗಳವಾರ. ಮನೋಚೈತನ್ಯ ಎಂಬ ಹೆಸರಿನಲ್ಲಿ 2014ರಿಂದ ರಾಜ್ಯ ಸರ್ಕಾರ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ವ್ಯವಸ್ಥೆ ಮಾಡಿದೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಕ್ಕೆ ಇದು ಸಣ್ಣ ಸವಲತ್ತಲ್ಲ. ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ, ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ನಡುಕ, ಸನ್ನಿಯ ಮೊದಲ ವಾರ ದಾಟಿಸಲು ಇಷ್ಟು ಸಾಕು. ಇಲ್ಲದ ಇನ್ನರ್ಧ ಬುಧವಾರದಿಂದ ಸೋಮವಾರದವರೆಗಿನದು. ಮಾತ್ರೆಯ ಚೀಟಿ ಹಿಡಿದು ಮನೆಗೆ ಹೋದವನನ್ನು ಆ ಆರು ದಿನ ಯಾರು ಮಾತಾಡಿಸುತ್ತಾರೆ? ಧರ್ಮಸ್ಥಳದ ಶಿಬಿರಕ್ಕೆ ಊರು ಇದೆ, ವೈದ್ಯಕೀಯ ನೆರವು ಸಾಲದು. ಸರ್ಕಾರದ ಮಂಗಳವಾರಕ್ಕೆ ವೈದ್ಯರಿದ್ದಾರೆ, ಊರು ಇಲ್ಲ. ಇವೆರಡೂ ಒಂದೇ ತಾಲ್ಲೂಕಿನಲ್ಲಿ ಬೇರೆ ಬೇರೆ ಬೀದಿಯಲ್ಲಿ ನಡೆಯುತ್ತ ಒಂದಕ್ಕೊಂದು ನಮಸ್ಕಾರವನ್ನೂ ಹೇಳದಿರುವುದು ನನಗೆ ಅರ್ಥವಾಗದ ಸಂಗತಿ. ಶಿಬಿರ ಶುರುವಾಗುವ ಹಿಂದಿನ ಮಂಗಳವಾರ ಸೇರುವವರೆಲ್ಲರನ್ನೂ ತಾಲ್ಲೂಕು ಆಸ್ಪತ್ರೆಯಲ್ಲಿ ಪರೀಕ್ಷಿಸಲಿ. ಮುಗಿದ ಮೇಲೆ ನವಜೀವನ ಸಮಿತಿಯೂ ಅದೇ ಮಂಗಳವಾರ ಅದೇ ಆವರಣದಲ್ಲಿ ಸೇರಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಕಾಯ್ದೆ ಬೇಡ. ಜಿಲ್ಲಾಧಿಕಾರಿಗಳ ಒಂದು ಸಭೆ ಸಾಕು.

ಓದುತ್ತಿರುವವರ ಮನೆಯಲ್ಲೇ ಇಂಥವರಿದ್ದರೆ, ದಯವಿಟ್ಟು ಪುಡಿಗೆ ದುಡ್ಡು ಹಾಕಬೇಡಿ, ಒಮ್ಮೆಲೇ ಬಿಡಿಸಲು ಕೋಣೆಗೆ ಕೂಡಿಹಾಕಬೇಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಎರಡಕ್ಕೂ ಶುಲ್ಕವಿಲ್ಲ. ಮುಂದಿನ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅವರು ಬರುವುದಿಲ್ಲ ಎಂದರೆ ನೀವೊಬ್ಬರೇ ಹೋಗಿ, ಮನೆಯವರು ಬಂದರೂ ಚಿಕಿತ್ಸೆ ಅಲ್ಲಿಂದಲೇ ಶುರುವಾಗುತ್ತದೆ.